ಸಿಂಗಳೀಕದ ಬೆನ್ನು, ಬೋಳಣ್ಣನ ತಲೆ

ಬೋಳಣ್ಣನ ತಲೆಯ ಮೇಲೆ ಕೂದಲು ಬಂದ ದಿನವೇ ಸಿಂಗಳೀಕದ ಬೆನ್ನು ಬೋಳಾಗಿ ಕಾಣಬೇಕೇ? ಗ್ರಹಚಾರ ಅಂದರೆ ಇದೇ.

ಬೋಳಣ್ಣ ಸತ್ತ ಪ್ರಾಣಿಗಳನ್ನು ಇಟ್ಟಿರುವ ಸಂಗ್ರಹಾಲಯದ ಕಾವಲುಗಾರ. ನಾಟಕ ಕಂಪನಿಯೊಂದು ಮುಚ್ಚಿದಾಗ ಹಳೆಯ ವಿಗ್ಗನ್ನು ಅಗ್ಗಕ್ಕೆ ತಂದಿದ್ದ. ಮನೆಯಲ್ಲಿಟ್ಟರೆ ಹೆಂಡತಿ ನಗುತ್ತಾಳೆ. ಹಾಗಾಗಿ ಧೈರ್ಯ ಬರುವವರೆಗೆ, ತಿಂಗಳುಗಟ್ಟಲೆ, ಹುಲ್ಲು ತುಂಬಿಸಿಟ್ಟ ಸಿಂಗಳೀಕದ ಗಾಜಿನ ಪೆಟ್ಟಿಗೆಯಲ್ಲೇ ಅದನ್ನು ಬಚ್ಚಿಟ್ಟಿದ್ದ. ಪೆಟ್ಟಿಗೆಯ ಕೀಲಿ ಇದ್ದದ್ದು ಅವನೊಬ್ಬನ ಹತ್ತಿರ.

ಇವತ್ತು ವಿಗ್ಗು ಹಾಕಿಕೊಂಡು ಬಾಗಿಲಲ್ಲಿ ನಿಂತ. ಟಿಕೆಟ್ ಕೊಡುವ ಅಕ್ಕ ಅವನ ತಲೆ ನೋಡಿದಳು, ಒಳಗೆ ಹೋಗಿ ಸಿಂಗಳೀಕದ ಬೆನ್ನು ನೋಡಿದಳು. ತಟ್ಟೆಯಗಲ ಬೋಳು.

"ಅದೂ ಕಪ್ಪು, ಇದೂ ಕಪ್ಪು," ಅಂದಳು ಮೆಲ್ಲಗೆ.

"ಅಲ್ಲಿ ಹೋಗಿರೋದಷ್ಟೇ ಇಲ್ಲಿ ಬಂದಿದೆ," ಎಂದ ತೋಟದ ಮಾಲಿ.

ಮ್ಯಾನೇಜರಿಗೆ ಸುದ್ದಿ ಮುಟ್ಟಲು ಎಷ್ಟು ಹೊತ್ತು? "ಕೀಲಿ ನಿನ್ನ ಹತ್ರ, ಕೂದಲು ನಿನ್ನ ತಲೇಲಿ. ಸಂಜೆಯೊಳಗೆ ಬೇರೆ ಕಳ್ಳನ್ನ ತೋರಿಸು, ಇಲ್ಲಾಂದ್ರೆ ನಾಳೆಯಿಂದ ಬರಬೇಡ."

"ಪತಂಗ ತಿಂದಿರ್ಬೇಕು ಸಾರ್," ಬೋಳಣ್ಣ ಗೋಡೆಯ ಮೇಲೆ ಪ್ರದರ್ಶನಕ್ಕಿಟ್ಟ ಪತಂಗಗಳ ಕಡೆ ಕೈ ತೋರಿಸಿದ.

"ಸೂಜಿ ಚುಚ್ಚಿಸ್ಕೊಂಡು ಸತ್ತಿರೋವು ಎದ್ದು ಬಂದು ತಿಂದ್ವಾ?"

"ಆ ಜಾತಿ ಅಲ್ಲ ಸಾರ್, ಸಣ್ಣದು. ನಮ್ಮನೆ ಸ್ವೆಟರ್‌ಗೂ ಹೀಗೇ ಆಗಿತ್ತು."

"ಸಿಂಗಳೀಕ ನೋಡು, ನಡೆಯೋ ಮಗುವಿನಷ್ಟಿದೆ. ನಿನ್ನ ಪತಂಗ ಅಕ್ಕಿಕಾಳಷ್ಟು. ಇದು ಅದನ್ನ ಬೋಳಿಸತ್ತಾ? ಯಾರಿಗೆ ಹೇಳ್ತೀಯ?"

ಆಮೇಲೆ ಬೋಳಣ್ಣ ಎಲ್ಲಿ ಹೋದರೂ ಹಿಂದೆ ಎರಡು ಕಣ್ಣು. ಮಾಲಿಯಂತೂ ವಿಗ್ಗಿನ ಒಂದೆಳೆ ಕಿತ್ತು, ಸಿಂಗಳೀಕದ ಬಾಲದ ಪಕ್ಕ ಹಿಡಿದು, "ಸೇಮ್" ಎಂದು ತೀರ್ಪು ಕೊಟ್ಟ. ನಾಟಕ ಕಂಪನಿಯ ವಿಗ್ಗು ಎಂದರೂ ಯಾರೂ ನಂಬದೆ ಬೋಳಣ್ಣನಿಗೆ ಅಳುವೇ ಬಂತು. ಊಟ ಬಿಟ್ಟು, ಹೇನು ನೋಡುವವನ ಹಾಗೆ ಸಿಂಗಳೀಕದ ಮೈಯೆಲ್ಲ ಹುಡುಕಿದ.

ಸಂಜೆ ಅದರ ಕಂಕುಳಲ್ಲಿ ಬಿಳಿ ಹುಳವೊಂದು ಸಿಕ್ಕಿತು. ಕೂದಲು ಜಗಿಯುತ್ತಿತ್ತು.

ಮ್ಯಾನೇಜರು ಭೂತಗನ್ನಡಿ ಹಿಡಿದು ನೋಡಿದರು. "ಹೌದಪ್ಪ, ಪತಂಗದ ಮರಿಯೇ. ಸುಮ್ಮನೆ ನಿನ್ನ ಅನುಮಾನಿಸಿದ್ವಿ."

ಬೋಳಣ್ಣ ಹಿಗ್ಗಿ ಹೀರೇಕಾಯಿಯಾದ.

"ಆದ್ರೆ ಇಷ್ಟು ಬಿಗಿ ಪೆಟ್ಟಿಗೆಯೊಳಗೆ ಇದು ಬಂತು ಹೇಗೆ?"

"ಆ ದೇವರಿಗೇ ಗೊತ್ತು ಸಾರ್," ಎಂದು ವಿನಯದಿಂದ ತಲೆ ಬಾಗಿಸಿದ.

ಬಾಗಿದ ತಲೆಯಿಂದ ಪುಟ್ಟ ಪತಂಗವೊಂದು ಎದ್ದು, ಮ್ಯಾನೇಜರ ಕನ್ನಡಕದ ಮೇಲೆ ಕೂತಿತು. ಅದರ ಹಿಂದೆಯೇ ಇನ್ನೊಂದು.

ಕೆಲಸವೇನೋ ಉಳಿಯಿತು, ವಿಗ್ಗು ಉಳಿಯಲಿಲ್ಲ. ಅದಕ್ಕೆ ಮದ್ದು ಹೊಡೆದು, ಕತ್ತರಿಸಿ, ಸಿಂಗಳೀಕದ ಬೆನ್ನಿಗೆ ಅಂಟಿಸಬೇಕೆಂದು ಮ್ಯಾನೇಜರ ಅಪ್ಪಣೆಯಾಯಿತು. ಅಂಟಿಸುವ ಕೆಲಸವೂ ಬೋಳಣ್ಣನ ತಲೆಗೇ ಬಿತ್ತು.

ಟಿಕೆಟ್ ಅಕ್ಕ ದೂರ ನಿಂತು ನೋಡಿದಳು. "ಎಷ್ಟು ಸರಿಯಾಗಿ ಕೂತ್ಕೊಂಡಿದೆ ನೋಡಿ. ನಾನು ಬೆಳಿಗ್ಗೆನೇ ಹೇಳ್ಲಿಲ್ವಾ, ಅದು ಅದರದ್ದೇ ಕೂದಲು ಅಂತ."