ಪಕ್ಕದ ಕೊಕ್ಕೆ

ಒಂದೇ ಮನೆಯಲ್ಲಿ ಮೂರು ಒಲೆ ಯಾಕೆ ಎಂದು ಹ್ಯೂಬರ್ಟನಿಗೆ ಅನಿಸಿದ್ದೇ ಎಲ್ಲ ಅನಾಹುತಕ್ಕೂ ಮೂಲವಾಯಿತು.

ಹ್ಯೂಬರ್ಟ್ ಕೆಲಸಕ್ಕಿದ್ದದ್ದು ಅಬುಧಾಬಿಯ ಹಮ್ದಾನ್ ಸ್ಟ್ರೀಟಿನಲ್ಲಿ, ಭಟ್ಕಳದ ಝಿಯಾಉದ್ದೀನ್ ಸಾಹೇಬರ ಆಫೀಸಿನಲ್ಲಿ. ಸಾಹೇಬರದ್ದು ಲಾಂಡ್ರಿ ವ್ಯವಹಾರ. ಊರಿಡೀ ಅಂಗಡಿಗಳು, ಮುಸಫ್ಫಾದಲ್ಲಿ ಬಟ್ಟೆ ಒಗೆಯುವ ದೊಡ್ಡ ಕಾರ್ಖಾನೆ. ಅವನ್ನೆಲ್ಲ ನಡೆಸುವ ಸಾಫ್ಟ್‌ವೇರ್ ಮಾತ್ರ ಈ ಪುಟ್ಟ ಆಫೀಸಿನಲ್ಲಿ ತಯಾರಾಗುತ್ತಿತ್ತು, ಅದೂ ಮೂರು ಕಂಪ್ಯೂಟರ್ ಭಾಷೆಗಳಲ್ಲಿ, ಮೂವರ ಕೈಯಲ್ಲಿ. ಡೆನಿಸನ ಜಾವಾ ಗಿರಾಕಿಗಳ ಮತ್ತು ನೌಕರರ ವಿವರ ನೋಡಿಕೊಳ್ಳುತ್ತಿತ್ತು. ಲಿಯೊನೆಲನ ಜಾವಾಸ್ಕ್ರಿಪ್ಟ್ ಕೌಂಟರಿನ ಪರದೆಯನ್ನು ನೋಡಿಕೊಳ್ಳುತ್ತಿತ್ತು. ಒಗೆದ ಬಟ್ಟೆಯನ್ನು ಆಯಾ ಗಿರಾಕಿಯ ಕೊಕ್ಕೆಗೆ ಸಿಕ್ಕಿಸುವ ಯಂತ್ರವನ್ನು ಓಡಿಸುತ್ತಿದ್ದದ್ದು ಸಕೀನಳ ಲೂವಾ. ಬೇರೆ ಬೇರೆ ಕಡೆ ಬಿದ್ದಿದ್ದ ಈ ಮೂರನ್ನೂ ಒಂದೇ ಸೂರಿನಡಿ ತಂದು ಜೋಡಿಸುವುದು ಹ್ಯೂಬರ್ಟನ ಪಾಲಿಗೆ ಬಂದ ಕೆಲಸ.

ಸಾಹೇಬರಿಗೆ ಒಪ್ಪ ಓರಣವೆಂದರೆ ಪ್ರಾಣ. ಆಫೀಸಿನ ಕುರ್ಚಿಗಳನ್ನೂ ಅವರು ಲಾಂಡ್ರಿಯ ಕೊಕ್ಕೆಗಳ ಹಾಗೆ ಇಂಗ್ಲಿಷ್ ಅಕ್ಷರದ ಸಾಲಿನಲ್ಲೇ ಇಡಿಸಿದ್ದರು. ಮೊದಲು ಡೆನಿಸ್, ಅವನ ಪಕ್ಕ ಹ್ಯೂಬರ್ಟ್, ಆಮೇಲೆ ಲಿಯೊನೆಲ್, ಕೊನೆಗೆ ಸಕೀನ. ನೌಕರರ ರಜೆ, ವೀಸಾ ಎಲ್ಲವೂ ಲಾಂಡ್ರಿಯ ಸಾಫ್ಟ್‌ವೇರಿನಲ್ಲೇ, ಅದೇ ಸಾಲಿನಲ್ಲೇ ಇದ್ದವು. ಎರಡೆರಡು ಸಿಸ್ಟಮ್ ಅಂದರೆ ಸಾಹೇಬರಿಗೆ ತಲೆನೋವು.

ಆ ಗುರುವಾರ ಹ್ಯೂಬರ್ಟನ ಪ್ರೊಬೇಷನ್ ಮುಗಿಯುವ ದಿನ. ಕೆಲಸ ಖಾಯಂ ಆದರೆ ಹೆಂಡತಿ ಸ್ವೀಡಲ್‌ಗೆ ಫ್ಯಾಮಿಲಿ ವೀಸಾ ಹಾಕಬಹುದು. ಗಂಡನ ಮೇಲಿನ ಭರವಸೆಯಿಂದ ಆಕೆ ಶಿರ್ವದಲ್ಲಿ ಟೀಚರ್ ಕೆಲಸ ಬಿಟ್ಟು, ಮನೆಯ ಫ್ರಿಜ್ಜನ್ನೂ ನಾದಿನಿಯ ಮನೆಗೆ ಸಾಗಿಸಿ ಕೂತಿದ್ದಳು. ಡೆನಿಸನಿಗೂ ಅದೇ ಕೊನೆಯ ದಿನ. ಅವನು ವೀಸಾ ಕ್ಯಾನ್ಸಲ್ ಮಾಡಲು ಅರ್ಜಿ ಕೊಟ್ಟು, ಗಲ್ಫಿಗೆ ಕೈಮುಗಿದು, ಖುಷಿಯಿಂದ ಊರಿಗೆ ಹೊರಟವನು.

ಹಿಂದಿನ ಸಂಜೆ ಹ್ಯೂಬರ್ಟ್ ಒಂದು ಸಂಗತಿ ಕಂಡುಹಿಡಿದಿದ್ದ. ಸಾಲಿನಲ್ಲಿ ಯಾರು ಎಷ್ಟನೆಯವರು ಎಂದು ಎಣಿಸುವ ಒಂದೇ ಕೆಲಸವನ್ನು ಮೂವರೂ ತಂತಮ್ಮ ಭಾಷೆಯಲ್ಲಿ ಬೇರೆ ಬೇರೆ ಬರೆದಿಟ್ಟುಕೊಂಡಿದ್ದರು. ಸಕೀನಳದ್ದು ಚಿಕ್ಕದಾಗಿ ಚೊಕ್ಕಟವಾಗಿತ್ತು. ಅದನ್ನು ಉಳಿಸಿ, ಉಳಿದೆರಡನ್ನು ಕಿತ್ತೆಸೆದು, ಇನ್ನು ಮುಂದೆ ಎಲ್ಲರೂ ಇದನ್ನೇ ಕೇಳತಕ್ಕದ್ದು ಎಂದು ಏರ್ಪಾಡು ಮಾಡಿ ಹ್ಯೂಬರ್ಟ್ ನೆಮ್ಮದಿಯಿಂದ ಮನೆಗೆ ಹೋಗಿದ್ದ. ಅವನ ಜೀವನದಲ್ಲಿ ನೆಮ್ಮದಿ ಎಂಬುದು ಯಾವತ್ತೂ ಹೆಚ್ಚು ಹೊತ್ತು ಕೂತದ್ದಿಲ್ಲ.

ಬೆಳಿಗ್ಗೆ ಅವನು ಬ್ಯಾಗ್ ಇಳಿಸುವ ಮೊದಲೇ ಲಿಯೊನೆಲ್ ತಿರುಗಿದ. ಸೇರಿ ಒಂದು ವಾರವಾದ ಹುಡುಗ.

"ಹ್ಯೂಬರ್ಟಣ್ಣ, ಅಂಗಡಿಯಿಂದ ಫೋನ್ ಮೇಲೆ ಫೋನ್. ಪಾದ್ರಿಗಳ ನಿಲುವಂಗಿ ಮೀನು ವ್ಯಾಪಾರಿಗೆ ಹೋಗಿದೆಯಂತೆ."

"ಮತ್ತೆ ಪಾದ್ರಿಗಳಿಗೆ ಎಂತ ಹೋಯ್ತು?"

"ಜಿಮ್ ಮಾಸ್ಟರನ ಚಡ್ಡಿ."

ಹ್ಯೂಬರ್ಟ್ ಶಿಲುಬೆಯ ಗುರುತು ಹಾಕಿಕೊಂಡು ಕುರ್ಚಿಯಲ್ಲಿ ಕುಸಿದ. ಲಿಫ್ಟ್ ಸ್ವಲ್ಪ ಅಲುಗಿದರೂ ಜಪಸರ ಹುಡುಕುವ ಪ್ರಾಣಿ ಅದು. ನಿನ್ನೆಯ ಕೆಲಸವನ್ನು ತೆರೆದು ನೋಡಿದಾಗ ತಪ್ಪು ಕಣ್ಣಿಗೆ ಬಿತ್ತು. ಲೂವಾ ಒಂದರಿಂದ ಎಣಿಸುತ್ತದೆ. ಜಾವಾ ಮತ್ತು ಜಾವಾಸ್ಕ್ರಿಪ್ಟ್ ಸೊನ್ನೆಯಿಂದ ಎಣಿಸುತ್ತವೆ. ಇಷ್ಟು ದಿನ ಒಬ್ಬೊಬ್ಬರೂ ತಮ್ಮ ತಮ್ಮ ಒಲೆಯಲ್ಲೇ ಈ ವ್ಯತ್ಯಾಸವನ್ನು ಸರಿಮಾಡಿಕೊಳ್ಳುತ್ತಿದ್ದರು. ಈಗ ಆ ಒಲೆಗಳೇ ಇರಲಿಲ್ಲ. ಒಬ್ಬನಿಗೆ ಸಲ್ಲಬೇಕಾದ್ದು ಸಾಲಿನಲ್ಲಿ ಅವನ ಮುಂದಿನವನಿಗೆ ಸಲ್ಲುತ್ತಿತ್ತು.

"ಡೆನಿಸ್, ಪ್ರೊಬೇಷನ್‌ನಲ್ಲಿ ತಪ್ಪು ಮಾಡಿದ್ರೆ ಎಂತ ಮಾಡ್ತಾರೆ?" ಎಂದು ಹ್ಯೂಬರ್ಟ್ ಕೇಳಿದ.

ಡೆನಿಸ್ ಡ್ರಾಯರಿನಿಂದ ತನ್ನ ಚಹಾದ ಮಗ್ ತೆಗೆದು ಪೇಪರಿನಲ್ಲಿ ಸುತ್ತುತ್ತಿದ್ದ. "ಎಂತ ಮಾಡುವುದು ಮಾರಾಯ, ಟಿಕೆಟ್ ಕೊಟ್ಟು ಯಲ್ಲಾ, ಹೊರಡು ಅಂತಾರೆ. ನನ್ನ ಫ್ಲೈಟಿನಲ್ಲಿ ಸೀಟು ಖಾಲಿ ಉಂಟಾ ನೋಡ್ಲಾ?"

ಹ್ಯೂಬರ್ಟ್ ತನ್ನ ಪರದೆಯತ್ತ ತಿರುಗಿದ. ಯಾರಿಗೂ ಹೇಳದೆ, ಎಣಿಕೆಯಿಂದ ಒಂದನ್ನು ಕಳೆದುಬಿಟ್ಟ. ಇನ್ನು ಸರಿಹೋದೀತು ಎಂದು ಕಣ್ಣುಮುಚ್ಚಿ ಕಾದ.

ಸರಿಹೋಗಲಿಲ್ಲ. ಯಾಕೆಂದರೆ ಅದೇ ಹೊತ್ತಿಗೆ, ತನ್ನ ಯಂತ್ರದ್ದೇ ತಪ್ಪೆಂದು ಹೆದರಿದ್ದ ಸಕೀನ ಕೂಡ ಯಾರಿಗೂ ಹೇಳದೆ ತನ್ನ ಕಡೆಯಿಂದ ಒಂದನ್ನು ಕಳೆದಿದ್ದಳು. ಒಂದೇ ಜ್ವರಕ್ಕೆ ಇಬ್ಬರು ಡಾಕ್ಟರು ಮದ್ದು ಕೊಟ್ಟಂತಾಯಿತು. ಮುಂದಿನವನಿಗೆ ಹೋಗುತ್ತಿದ್ದ ಬಟ್ಟೆ ಈಗ ಹಿಂದಿನವನಿಗೆ ಹೋಗತೊಡಗಿತು.

"ಈಗ ಪಾದ್ರಿಗಳಿಗೆ ಮೀನು ವ್ಯಾಪಾರಿಯ ಹೆಂಡತಿಯ ನೈಟಿ ಬಂದಿದೆಯಂತೆ," ಎಂದು ಲಿಯೊನೆಲ್ ಫೋನಿಗೆ ಕೈ ಅಡ್ಡ ಹಿಡಿದು ಹೇಳಿದ. "ಚಡ್ಡಿಯೇ ವಾಸಿಯಿತ್ತು ಅಂತಿದ್ದಾರೆ."

ಅಷ್ಟರಲ್ಲಿ ಕ್ಯಾಬಿನಿನ ಒಳಗಿಂದ ಸಾಹೇಬರ ಗಂಟಲು ಕೇಳಿಸಿತು. ಅಂದು ಸಂಜೆ ಅವರ ತಮ್ಮನ ಮಗಳ ನಿಖಾಹ್. ಅದಕ್ಕೆಂದು ಒಗೆಯಲು ಕೊಟ್ಟ ಶೇರ್ವಾನಿಯ ಬದಲು ಮನೆಗೆ ಬಂದದ್ದು ಯಾವುದೋ ಹೋಟೆಲಿನ ಅಡುಗೆಯವನ ಕೋಟು.

ಹ್ಯೂಬರ್ಟ್ ಸಕೀನಳತ್ತ ನೋಡಿದ, ಸಕೀನ ಅವನತ್ತ ನೋಡಿದಳು.

"ನೀವೂ ಕಳೆದ್ರಾ?" ಎಂದಳು ಮೆಲ್ಲಗೆ.

"ನೀನೂ ಕಳೆದ್ಯಾ?"

ಸಕೀನ ತನ್ನದನ್ನು ಕೂಡಲೇ ವಾಪಸ್ಸು ತೆಗೆದಳು. ಸ್ವಲ್ಪ ಹೊತ್ತಿನಲ್ಲಿ ಫೋನುಗಳು ನಿಂತವು. ವ್ಯಾನುಗಳು ಬಟ್ಟೆ ಬದಲಿಸಲು ಹೊರಟವು. ಮಧ್ಯಾಹ್ನದ ಹೊತ್ತಿಗೆ ಸಾಹೇಬರ ಶೇರ್ವಾನಿಯೂ ಪತ್ತೆಯಾಯಿತು. ಆದರೆ ಕರೆ ಬಂದೇ ಬಂತು.

"ಎಲ್ಲರೂ ಒಳಗೆ ಬನ್ನಿ."

ಸಾಹೇಬರು ಅಡುಗೆಯವನ ಕೋಟನ್ನು ಮೇಜಿನ ಮೇಲೆ ಹರಡಿಕೊಂಡು ಕೂತಿದ್ದರು. "ಇದು ಯಾರ ಕೆಲಸ?"

ಹ್ಯೂಬರ್ಟನ ಕಣ್ಣ ಮುಂದೆ ಸ್ವೀಡಲ್ ಬಂದಳು, ಅವಳ ಹಿಂದೆ ನಾದಿನಿ, ನಾದಿನಿಯ ಅಡುಗೆಮನೆಯಲ್ಲಿ ಝೇಂಕರಿಸುವ ಫ್ರಿಜ್ಜು. ಸುಮ್ಮನಿದ್ದರೆ ಪಾರಾಗಿಬಿಡುತ್ತಿದ್ದ. ಆದರೆ ಸಕೀನ ಅಳುದನಿಯಲ್ಲಿ "ಸಾಹೇಬ್ರೆ, ನನ್ನ ಯಂತ್ರ..." ಎಂದು ಶುರುಮಾಡಿದಾಗ ಅವನಿಗೆ ತಡೆಯಲಾಗಲಿಲ್ಲ.

"ಅವಳದ್ದಲ್ಲ, ಸಾಹೇಬ್ರೆ. ನಂದು. ಮೂರು ಎಣಿಕೆಯನ್ನು ಒಂದು ಮಾಡ್ಲಿಕ್ಕೆ ಹೋದೆ."

ಸಾಹೇಬರು ಕೋಟನ್ನು ಮಡಚಿ ಪಕ್ಕಕ್ಕಿಟ್ಟರು. ಹ್ಯೂಬರ್ಟ್ ಮನಸ್ಸಿನಲ್ಲೇ ಸಂತ ಅಂತೋನಿಗೆ ಒಂದು ಕಟ್ಟು ಮೇಣದಬತ್ತಿ ಹರಕೆ ಹೇಳಿಕೊಂಡ.

"ಬಾಯಿ ಬಿಟ್ಟು ಹೇಳಿದ್ಯಲ್ಲ, ಅಷ್ಟು ಸಾಕು ನನಗೆ," ಎಂದರು ಸಾಹೇಬರು ಕೊನೆಗೆ. "ಶೇರ್ವಾನಿ ಸಿಕ್ಕಿತು, ಪಾದ್ರಿಗಳಿಗೂ ಫೋನ್ ಮಾಡಿ ಮಾಫಿ ಕೇಳಿದೆ. ಖಲಾಸ್."

ಹ್ಯೂಬರ್ಟನಿಗೆ ನಂಬಲಾಗಲಿಲ್ಲ. "ಮತ್ತೆ ನನ್ನ ಖಾಯಂ ಮಾಡುವುದು, ಸಾಹೇಬ್ರೆ?"

"ಅದು ಯಾವಾಗಲೋ ಆಯ್ತಲ್ಲ. ಬೆಳಿಗ್ಗೆ ಬಂದ ಕೂಡಲೇ ಸಿಸ್ಟಮಿನಲ್ಲಿ ಒತ್ತಿದೆ. ಡೆನಿಸನ ಕ್ಯಾನ್ಸಲ್, ನಿನ್ನ ಕನ್ಫರ್ಮ್, ಎರಡೂ ಒಟ್ಟಿಗೆ. ಪಿಆರ್‌ಒ ಕಾಗದ ತಗೊಂಡು ವೀಸಾ ಆಫೀಸಿಗೆ ಹೋಗಿ ಕೆಲಸ ಮುಗಿಸಿಯೂ ಆಯ್ತು."

ಹ್ಯೂಬರ್ಟನ ಕಣ್ಣಲ್ಲಿ ನೀರು ಬಂತು. ಸಾಹೇಬರ ಕೈ ಹಿಡಿದು ಕುಲುಕಬೇಕೆಂದು ಮುಂದೆ ಬಗ್ಗಿದವನು ಅರ್ಧದಲ್ಲೇ ನಿಂತ.

"ಬೆಳಿಗ್ಗೆ ಅಂದ್ರಾ?"

ಅಷ್ಟರಲ್ಲಿ ಲಿಯೊನೆಲ್ ತನ್ನ ಫೋನು ನೋಡಿ ಮುಖ ಅರಳಿಸಿದ. "ಥ್ಯಾಂಕ್ಸ್ ಸರ್. ಒಂದೇ ವಾರಕ್ಕೆ ಖಾಯಂ ಮಾಡ್ತೀರಿ ಅಂತ ಅಂದುಕೊಂಡಿರಲಿಲ್ಲ."

"ನನಗೆ ಎಂತದೂ ಬಂದಿಲ್ಲವಲ್ಲ," ಎಂದು ಡೆನಿಸ್ ತನ್ನ ಫೋನನ್ನು ತಟ್ಟಿ ನೋಡಿದ.

ಹ್ಯೂಬರ್ಟನ ಜೇಬು ಗುಂಯ್‌ಗುಟ್ಟಿತು. ಅವನು ಫೋನ್ ತೆಗೆದು ಓದಿದ. ಅವನ ವೀಸಾ ಕ್ಯಾನ್ಸಲ್ ಆಗಿತ್ತು. ಮತ್ತೊಮ್ಮೆ ಓದಿದ. ಸಾಹೇಬರು ಎದ್ದು ಬಂದು ಅವನ ಭುಜದ ಮೇಲಿಂದ ಓದಿ, "ಯಾ ಅಲ್ಲಾ," ಎಂದು ಪಿಆರ್‌ಒಗೆ ಫೋನ್ ಹಚ್ಚಿದರು. ಪಿಆರ್‌ಒ ಮಧ್ಯಾಹ್ನದ ನಿದ್ದೆಯಲ್ಲಿದ್ದ.

ಅಷ್ಟರಲ್ಲಿ ಹ್ಯೂಬರ್ಟನ ಫೋನ್ ರಿಂಗಾಯಿತು. ಸ್ವೀಡಲ್.

"ಎಂತಾಯ್ತು? ಆಯ್ತಾ ಇಲ್ವಾ? ಸೂಟ್‌ಕೇಸ್ ಕಟ್ಟಿ ಕೂತಿದ್ದೇನೆ."

"ಆಯ್ತು," ಎಂದ ಹ್ಯೂಬರ್ಟ್. "ನೀನು ಸೂಟ್‌ಕೇಸ್ ಬಿಚ್ಚು. ನಾದಿನಿಯ ಹತ್ತಿರ ಫ್ರಿಜ್ ವಾಪಸ್ಸು ಕೇಳು. ನಾನೇ ಬರ್ತಾ ಇದ್ದೇನೆ."