ಆರನೇ ಕ್ಲಾಸಿನ ಹುಡುಗಿಗೆ ಒಂದು ಟ್ರಂಪೆಟ್

ಶಾಲೆಯ ಬ್ಯಾಂಡಿಗೆ ಮಕ್ಕಳನ್ನು ಸೇರಿಸಿಕೊಂಡು, ಯಾರಿಗೆ ಯಾವ ವಾದ್ಯ ಎಂದು ಹಂಚುವ ಕೆಲಸದಲ್ಲಿ ಇಂಥ ಪ್ರಸಂಗಗಳು ಪ್ರತಿ ಜೂನ್ ತಿಂಗಳೂ ನಡೆಯುತ್ತಿದ್ದವು. ನಡೆಯುವಾಗ ಮೈ ಜುಮ್ಮೆನ್ನುತ್ತಿತ್ತು. ನಗು ಬರುತ್ತಿದ್ದುದು ಮನೆಗೆ ಹೋದ ಮೇಲೆ.

ನಾನು ಸೇನೆಯ ಪಲ್ಟನ್ನಿನ ಬ್ಯಾಂಡಿನಲ್ಲಿ ಊದಿ ನಿವೃತ್ತನಾದವನು. ಆಮೇಲೆ ಹಲಸೂರಿನ ಒಂದು ಶಾಲೆಯಲ್ಲಿ ಬ್ಯಾಂಡ್ ಮಾಸ್ಟರ್. ಹೆಚ್ಚು ಮಾತಾಡಿ ಅಭ್ಯಾಸವಿಲ್ಲ. ತೊಂಬತ್ತರ ದಶಕದ ಒಂದೇ ಒಂದು ವರ್ಷದ್ದು ಹೇಳುತ್ತೇನೆ.

೧. ಮೂಲೆಯಲ್ಲಿ ಯಾರು?

ಬ್ಯಾಂಡ್ ರೂಮು ಮೆಟ್ಟಿಲ ಕೆಳಗೆ ಇತ್ತು. ಕಿಟಕಿ ಇಲ್ಲ. ಬೇಸಿಗೆ ರಜೆ ಮುಗಿದು ಬಾಗಿಲು ತೆಗೆದರೆ ಹಿತ್ತಾಳೆ, ಬಾವಲಿ ಎರಡೂ ಸೇರಿದ ವಾಸನೆ. ಒಬ್ಬ ತಾಯಿ ಮಗಳ ಕೈ ಹಿಡಿದು ಒಳಗೆ ಬಂದಳು.

"ಸಾರ್, ಇವಳಿಗೆ ಕೊಳಲು ಕೊಡಿ."

ಕತ್ತಲೆ ಮೂಲೆಯಿಂದ ಏನೋ 'ಜುರ್ರ್' ಎಂದಿತು.

"ಯಾರದು?" ಎಂದಳು ತಾಯಿ.

'ಜುರ್ರ್.'

"ಯಾರೂ ಇಲ್ಲ," ಎಂದೆ. ಅದಕ್ಕೂ 'ಜುರ್ರ್.'

ಮೂಲೆಯಲ್ಲಿದ್ದುದು ಸೈಡ್ ಡ್ರಮ್ಮು. ಅದರ ಅಡಿಯಲ್ಲಿ ತಂತಿ ಕಟ್ಟಿರುತ್ತದೆ. ಹತ್ತಿರ ಯಾರು ಮಾತಾಡಿದರೂ ಅದು ತಾನಾಗಿ ನಡುಗುತ್ತದೆ. ಅದನ್ನು ಹೇಳೋಣವೆಂದು ಬಾಯಿ ತೆರೆದೆ. ನಾನು ಹೇಳಿದ ಒಂದೊಂದು ಮಾತಿಗೂ ಮೂಲೆ ಹೂಂಗುಟ್ಟಿತು. ತಾಯಿ ಹೊಸ್ತಿಲು ದಾಟಿಯಾಗಿತ್ತು.

"ಬೇಡ ಬಿಡಿ ಸಾರ್. ಚೆಸ್‌ಗೆ ಹಾಕ್ತೀನಿ. ಅದು ಮಾತಾಡಲ್ಲ."

೨. ಹಲ್ಲು

ಟ್ರಂಪೆಟ್ ಊದಲು ಮುಂದಿನ ಹಲ್ಲು ಗಟ್ಟಿ ಇರಬೇಕು. ಆದ್ದರಿಂದ ಮಕ್ಕಳ ಬಾಯಿ ತೆರೆಸಿ, ಹಲ್ಲನ್ನು ಬೆರಳಲ್ಲಿ ಅಲ್ಲಾಡಿಸಿ ನೋಡುವುದು ನನ್ನ ಪದ್ಧತಿ. ಒಬ್ಬ ಹುಡುಗನದ್ದು ನೋಡಿದೆ. ಹಲ್ಲು ನನ್ನ ಅಂಗೈಗೆ ಬಂತು. ರಕ್ತ ಇಲ್ಲ, ನೋವಿಲ್ಲ, ಹುಡುಗ ನಗುತ್ತಲೇ ಇದ್ದ.

ಅವನ ಅಪ್ಪ ಕಲಬುರಗಿ ಕಡೆಯ ಡ್ರೈವರು, ರಾಮಮೂರ್ತಿ ನಗರದಲ್ಲಿ ಬಾಡಿಗೆಗೆ ಇದ್ದವನು. ನನ್ನ ಅಂಗೈ ನೋಡಿದ.

"ನಮ್ಮ ಕಡಿ ಎತ್ತಿಗೂ ಹಿಂಗ ಹಲ್ಲು ನೋಡ್ತಾರ್ರಿ ಸರ. ಕೀಳೂದಿಲ್ಲ."

೩. ದೂರು ಇಲ್ಲದ ಮಾಲು

ಅದೇ ದಿನ ಆರನೇ ಕ್ಲಾಸಿನ ಒಬ್ಬ ಹುಡುಗಿ ಬಂದಳು. ಹಲ್ಲು ಗಟ್ಟಿ, ತುಟಿ ತೆಳು. "ಟ್ರಂಪೆಟ್ಟೇ ಬೇಕು," ಎಂದಳು. ಶಾಲೆಯಲ್ಲಿದ್ದವೆಲ್ಲ ಹಂಚಿ ಮುಗಿದಿದ್ದವು. ಕ್ಲಾರಿನೆಟ್ ತೋರಿಸಿದೆ, ಡ್ರಮ್ ತೋರಿಸಿದೆ. ತಲೆ ಅಲ್ಲಾಡಿಸಿದಳು.

ಅವಳಪ್ಪ ನನ್ನನ್ನು ಪಕ್ಕಕ್ಕೆ ಕರೆದ. "ಮಾಸ್ಟ್ರೇ, ಮನೇಲಿ ನಮ್ಮಪ್ಪ ಎರಡು ತಿಂಗಳಿಂದ ಮಲಗಿದ್ದಾರೆ. ಡಾಕ್ಟ್ರು ಕೈಬಿಟ್ಟಿದ್ದಾರೆ. ಇವಳು ಊದೋದ್ರಿಂದ ಅವ್ರಿಗೆ ಒಂದು ಸಲ ತೊಂದ್ರೆ ಆದ್ರೂ ವಾಪಸ್ ತಂದ್ಕೊಡ್ತೀನಿ. ಬ್ಯಾಂಡೂ ಬಿಡಿಸ್ತೀನಿ."

ಹುಡುಗಿ ಕೇಳಿಸಿಕೊಂಡಳು. ಅಳಲಿಲ್ಲ. "ಮೆಲ್ಲಗೆ ಊದ್ತೀನಪ್ಪಾ," ಎಂದಳು.

ನಾನು ಶಿವಾಜಿನಗರಕ್ಕೆ ಹೋದೆ. ವಾದ್ಯ ರಿಪೇರಿ ಮಾಡುವ ಮುದುಕ ಸಾಬರ ಅಂಗಡಿ. ಅವರು ಒಂದು ಹಳೆಯ ಟ್ರಂಪೆಟ್ ಕೊಟ್ಟರು. ಹಿಡಿದೆ. ಈಗಷ್ಟೇ ಯಾರೋ ಊದಿ ಇಟ್ಟಂತೆ ಬೆಚ್ಚಗಿತ್ತು.

"ಯಾರದ್ದು?"

"ಸಾವಿನ ಬ್ಯಾಂಡಿಂದು ಸಾಬ್. ಒಬ್ನೇ ನಲವತ್ತು ವರ್ಷ ಊದಿದ್ದಾನೆ. ಅರ್ಧ ಕಂಟೋನ್ಮೆಂಟ್ ಇದರ ಹಿಂದೇನೇ ಮಣ್ಣಿಗೆ ಹೋಯ್ತು."

"ಏನಾದರೂ ದೂರು ಇದೆಯಾ?"

ಸಾಬರು ಯೋಚಿಸಿದರು. "ಇವತ್ತಿನವರೆಗೂ ಯಾರೂ ವಾಪಸ್ ಬಂದು ಹೇಳಿಲ್ಲ ಸಾಬ್."

೪. ಪೆಟ್ಟಿಗೆ

ಟ್ರಂಪೆಟ್ಟಿಗೆ ಪೆಟ್ಟಿಗೆ ಇರಲಿಲ್ಲ. ಪಕ್ಕದ ಬೀದಿಯಲ್ಲಿ ಶವಪೆಟ್ಟಿಗೆ ಮಾಡುವ ಬಡಗಿ ಇದ್ದ. ಸಾಬರು ಅವನಿಂದ ಒಂದು ಮಾಡಿಸಿಕೊಟ್ಟರು. ಅವನಿಗೆ ಬರುತ್ತಿದ್ದುದು ಒಂದೇ ಆಕಾರ. ಕಪ್ಪು ಬಣ್ಣ, ಎರಡೂ ಕಡೆ ಹಿತ್ತಾಳೆ ಹಿಡಿ.

ಸಿಟಿ ಬಸ್ಸು ಹತ್ತಿದೆ. ಪೆಟ್ಟಿಗೆ ತೊಡೆಯ ಮೇಲೆ ಇಟ್ಟುಕೊಂಡೆ. ಪಕ್ಕದ ಅಜ್ಜಿ ಮುಡಿಯಿಂದ ಒಂದೆಳೆ ಮಲ್ಲಿಗೆ ತೆಗೆದು ಮುಚ್ಚಳದ ಮೇಲೆ ಇಟ್ಟರು. ಯಾಕೆಂದು ನನಗೆ ತಿಳಿಯಲಿಲ್ಲ. ಕಂಡಕ್ಟರ್ ಬಂದ. ದನಿ ತಗ್ಗಿಸಿದ.

"ಏನು ವಯಸ್ಸು ಸಾರ್?"

"ನಲವತ್ತು ದಾಟಿದೆ," ಎಂದೆ.

ಅವನು ಪೆಟ್ಟಿಗೆಯ ಉದ್ದ ನೋಡಿದ. ನನ್ನ ಮುಖ ನೋಡಿದ.

"ಸ್ವಲ್ಪ ಅಲ್ಲಲ್ಲಿ ತಗ್ಗಾಗಿದೆ, ಅಷ್ಟೇ," ಎಂದು ಸಮಾಧಾನ ಹೇಳಿದೆ. "ನಾಳೆ ತೊಳೆದು ಮಕ್ಕಳ ಕೈಗೆ ಕೊಡ್ತೀನಿ."

ಮುಂದಿನ ಸ್ಟಾಪಿನಲ್ಲಿ ಬಸ್ಸು ಖಾಲಿ. ಅಜ್ಜಿ ಮಲ್ಲಿಗೆ ವಾಪಸ್ ತೆಗೆದುಕೊಂಡು ಇಳಿದರು.

೫. ಯಾರು ಹೋದ್ರು?

ಹೊಸದಾಗಿ ಕಲಿಯುವವರಿಗೆ ಮೊದಲು ಹಾಡು ಕೊಡುವುದಿಲ್ಲ. ಒಂದೇ ಸ್ವರ, ಉಸಿರು ಇರುವಷ್ಟು ಹೊತ್ತು. ನಿಲ್ಲಿಸು. ಇನ್ನೊಂದು ಸ್ವರ. ಅದೇ ಪಾಠ ಆ ಹುಡುಗಿಗೂ ಕೊಟ್ಟು, ಟ್ರಂಪೆಟ್ ಮನೆಗೆ ಕಳಿಸಿದೆ.

ಒಂದು ವಿಷಯ ಮರೆತಿದ್ದೆ. ಹಲಸೂರಿನ ಅವಳ ಗಲ್ಲಿಯಲ್ಲಿ ಯಾರು ಸತ್ತರೂ ಬ್ಯಾಂಡ್ ಬರುತ್ತಿತ್ತು. ಅವರು ಊದುವುದೂ ಹಾಗೆಯೇ. ಉದ್ದುದ್ದ, ನಿಧಾನ.

ಭಾನುವಾರ ಸಂಜೆ ಪಾಠ ಹೇಗೆ ನಡೆದಿದೆ ನೋಡೋಣವೆಂದು ಹೋದೆ. ಗಲ್ಲಿಯ ತುದಿಗೇ ಆ ಸ್ವರ ಕೇಳಿಸಿತು. ಅಂಗಡಿಗಳ ಬಾಗಿಲು ಅರ್ಧ ಮುಚ್ಚಿದ್ದವು. ಮನೆಯ ಮುಂದೆ ಜನ ಕೈಕಟ್ಟಿ ನಿಂತಿದ್ದರು. ಶಾಮಿಯಾನದವನು ಕಂಬ ಇಳಿಸುತ್ತಿದ್ದ. ಹೆಣಕ್ಕೆ ಇಡುವ ಐಸಿನ ಗಾಡಿ ಬಂದಿತ್ತು. ಹೂವಿನಾಕೆ ಆಳುದ್ದದ ಹಾರ ಹಿಡಿದಿದ್ದಳು. ಪಾಠ ಕೊಟ್ಟವನು ನಾನೇ. ಆದರೂ ನಾನೂ ಟೋಪಿ ತೆಗೆದೆ.

ಸ್ವರ ನಿಂತಿತು. ಬಾಗಿಲು ತಾನಾಗಿ ತೆರೆದಂತೆ ಮೆಲ್ಲಗೆ ತೆರೆಯಿತು. ಒಳಗಿನ ಕತ್ತಲೆಯಿಂದ, ಗೋಡೆ ಹಿಡಿದುಕೊಂಡು, ಬಿಳಿ ಪಂಚೆಯಲ್ಲಿ ಆ ತಾತ ಹೊರಗೆ ಬಂದರು. ಎರಡು ತಿಂಗಳಿಂದ ಎದ್ದಿರದ ಮನುಷ್ಯ.

ತಾತ ಎಲ್ಲರನ್ನೂ ನೋಡಿದರು. "ಬ್ಯಾಂಡ್ ಕೇಳ್ತು. ಯಾರು ಹೋದ್ರು?"

ಹೂವಿನಾಕೆಗೆ ಬಾಯಿ ತಡೆಯಲಿಲ್ಲ. "ಅಯ್ಯೋ ತಾತಾ, ನೀವೇ!"

ಐಸ್ ಗಾಡಿಯವನು ಗಾಡಿ ಬಿಟ್ಟು ಓಡಿದ. ಹುಡುಗಿಯ ಅಪ್ಪ ಹೊರಗೆ ಬಂದವನೇ ಟ್ರಂಪೆಟ್ ಕಿತ್ತು ನನ್ನ ಕೈಗೆ ತುರುಕಿದ. "ಹೇಳಿರಲಿಲ್ವಾ ಮಾಸ್ಟ್ರೇ? ತಗೊಂಡ್ಹೋಗಿ. ಮುಗೀತು."

ಹುಡುಗಿ ಬಾಗಿಲ ಹಿಂದೆ ನಿಂತು ತುಟಿ ಕಚ್ಚಿಕೊಂಡಳು.

"ಏಯ್, ಮಗೂಗೆ ಕೊಡ್ಸೋ ಅದನ್ನ," ಎಂದರು ತಾತ ಮಗನಿಗೆ. ಮೆಟ್ಟಿಲ ಮೇಲೆ ಕೂತರು. ಹೂವಿನಾಕೆಯ ಹಾರ ಇಸಿದುಕೊಂಡು ಮೊಮ್ಮಗಳ ಕೊರಳಿಗೆ ಹಾಕಿದರು. "ಬಾಡಿಗೆ ಬ್ಯಾಂಡು ನಂಗೆ ಬೇಡ. ನಾನು ಹೋಗೋವಾಗ ಇವಳೇ ಊದಬೇಕು. ಇವಳು ಒಂದು ಹಾಡು ತಪ್ಪಿಲ್ಲದೆ ಊದೋವರ್ಗೂ ನಾನು ಎಲ್ಲೂ ಹೋಗಲ್ಲ. ಎಲ್ರೂ ಮನೆಗೆ ನಡೀರಿ."

ಟ್ರಂಪೆಟ್ ಹುಡುಗಿಯ ಕೈಗೆ ಕೊಟ್ಟೆ.

ಮೂರು ತಿಂಗಳಲ್ಲಿ ನನಗೆ ತಿಳಿಯಿತು. ಆ ಮಗುವಿಗೆ ಸ್ವರಜ್ಞಾನ ಎಂಬುದೇ ಇಲ್ಲ. ಬೇರೆ ಯಾರಾದರೂ ಆಗಿದ್ದರೆ ಮಾರನೇ ದಿನವೇ ಡ್ರಮ್ಮಿಗೆ ಹಾಕುತ್ತಿದ್ದೆ. ಬಾಯಿ ಮುಚ್ಚಿಕೊಂಡು ಟ್ರಂಪೆಟ್ಟಿನಲ್ಲೇ ಬಿಟ್ಟೆ.

ತಾತ ಇನ್ನೂ ಒಂಬತ್ತು ವರ್ಷ ಬದುಕಿದರು.