ಅತ್ತೆಯ ಗುಂಡು ರೀಲು

ನಮ್ಮತ್ತೆಯಷ್ಟು ಮೀನು ಹಿಡಿದ ಶುದ್ಧ ಸಸ್ಯಾಹಾರಿ ಈ ಚೆನ್ನೈಯಲ್ಲಿ ಇನ್ನೊಬ್ಬರಿಲ್ಲ ಎಂದು ನಾನು ಪಂಥ ಕಟ್ಟಿ ಹೇಳಬಲ್ಲೆ. ಸೋಲುವ ಭಯವಿಲ್ಲ. ಯಾಕೆಂದರೆ ಆ ಸ್ಪರ್ಧೆಯಲ್ಲಿ ಎರಡನೆಯವರೇ ಇಲ್ಲ. ನಮ್ಮ ಅಡ್ಯಾರಿನ ಫ್ಲ್ಯಾಟಿಗೆ ಮೊಟ್ಟೆ ಹಾಕಿದ ಕೇಕೂ ಬರುವುದಿಲ್ಲ. ಆದರೆ ಬಾಗಿಲ ಹಿಂದೆ ಛತ್ರಿಗಳ ಜೊತೆ ಗಾಳದ ಕೋಲುಗಳು ನಿಂತಿರುತ್ತವೆ. ದೇವರ ಮನೆಯ ಪಕ್ಕದ ಕಪಾಟಿನಲ್ಲಿ ಬಣ್ಣಬಣ್ಣದ ಪ್ಲಾಸ್ಟಿಕ್ ಮೀನುಗಳಿವೆ, ನಿಜವಾದ ಮೀನಿಗೆ ಒಡ್ಡುವ ಆಮಿಷ. ಹೊಸದಾಗಿ ಬಂದ ಕೆಲಸದಾಕೆ ಅವು ನವರಾತ್ರಿಯ ಗೊಂಬೆಗಳೆಂದುಕೊಂಡು ಮತ್ಸ್ಯಾವತಾರದ ಪಕ್ಕ ಸಾಲಾಗಿ ಜೋಡಿಸಿಬಿಟ್ಟಿದ್ದಳು. ಅತ್ತೆ ನೋಡಿ, "ಇರ್ಲಿ ಬಿಡು, ಹಬ್ಬಕ್ಕೆ ಅವಕ್ಕೂ ರಜಾ ಸಿಕ್ತು" ಎಂದರು.

ನಾನು ಕುಂದಾಪುರದ ಕಡೆಯವಳು. ಮೀನಿಲ್ಲದ ಊಟ ಜ್ವರ ಬಂದವರಿಗೆ ಮಾತ್ರ ಎಂದು ತಿಳಿದು ಬೆಳೆದವಳು. ಬ್ಯಾಂಕಿನಲ್ಲಿ ಪಕ್ಕದ ಮೇಜಿಗೆ ಕೂರುತ್ತಿದ್ದ ಮೈಸೂರು ಕಡೆಯ ಹುಡುಗನನ್ನು ಇಷ್ಟಪಟ್ಟು ಮದುವೆಯಾದೆ. ಅವನು ಸಸ್ಯಾಹಾರಿ ಎಂದು ಗೊತ್ತಾದಾಗ ಸ್ವಲ್ಪ ದುಃಖವಾಗಿತ್ತು. ಅವನ ತಾಯಿ ಮೀನು ಹಿಡಿಯುತ್ತಾರೆ ಎಂದು ಗೊತ್ತಾದಾಗ ಮನೆದೇವರಿಗೆ ಕೈಮುಗಿದೆ. ನನ್ನ ಸಂತೋಷ ಅತ್ತೆಯ ಜೊತೆ ಮುಟ್ಟುಕಾಡಿನ ಹಿನ್ನೀರಿಗೆ ಮೊದಲ ಸಲ ಹೋಗಿ ಬರುವವರೆಗೆ ಮಾತ್ರ ಉಳಿಯಿತು. ಅವರು ಒಂದು ಒಳ್ಳೆಯ ಕೊಡುವಾ ಹಿಡಿದರು. ಇಂಗ್ಲಿಷಿನವರು ಸೀ ಬಾಸ್ ಎಂದು ಕರೆಯುವ, ನೋಡಿದರೆ ನನ್ನ ನಾಲಿಗೆ ತಾನಾಗಿ ಹುಣಸೆಹುಳಿಯನ್ನು ನೆನೆಯುವ ಬೆಳ್ಳಿಬಣ್ಣದ ಮೀನು. ಅದರ ಬಾಯಿಂದ ಮೆಲ್ಲಗೆ ಗಾಳ ಬಿಡಿಸಿ, ಬೆನ್ನು ಸವರಿ, ಮತ್ತೆ ನೀರಿಗೆ ಬಿಟ್ಟರು.

"ಅತ್ತೆ, ಬಿಡೋದಾದ್ರೆ ಹಿಡಿಯೋದು ಯಾಕೆ?" ಎಂದೆ. ನನ್ನ ದನಿ ಅಳುವಿಗೆ ಹತ್ತಿರವಿತ್ತು.

"ದೇವಸ್ಥಾನಕ್ಕೆ ಹೋಗಿ ದೇವರನ್ನ ನೋಡ್ತೀಯಲ್ಲ, ಮನೆಗೆ ಹೊತ್ಕೊಂಡ್ ಬರ್ತೀಯಾ?" ಎಂದರು.

ಇದಕ್ಕೆ ಏನು ಹೇಳುತ್ತೀರಿ? ನಾನು ಬುತ್ತಿ ಬಿಚ್ಚಿ ಮೊಸರನ್ನ ಬಡಿಸಿದೆ.

ಅತ್ತೆ ವಿಮಾ ಕಚೇರಿಯಲ್ಲಿ ದುಡಿದು ನಿವೃತ್ತರಾದವರು. ಮಾವ ತೀರಿಕೊಂಡ ಮೇಲೆ ಕಚೇರಿಯ ಹಳೆಯ ಗೆಳತಿಯರು ಅವರನ್ನು ಒಂದು ದಿನ ಹಿನ್ನೀರಿನ ಕಡೆ ಕರೆದುಕೊಂಡು ಹೋಗಿದ್ದರಂತೆ. ದಡದಲ್ಲಿ ಗಾಳ ಹಾಕಿ ಕೂತಿದ್ದವರೊಬ್ಬರು ಚಹಾ ಕುಡಿದು ಬರುವವರೆಗೆ ಕೋಲು ಹಿಡಿದಿರಿ ಎಂದರಂತೆ. ಅಷ್ಟರಲ್ಲಿ ಮೀನು ಕಚ್ಚಿತು. "ಆ ಎಳೆತ ಇದೆಯಲ್ಲ, ಅಂಥಾದ್ದು ನನ್ನ ಸರ್ವೀಸಿನಲ್ಲಿ ಒಂದು ಫೈಲಿನಲ್ಲೂ ಸಿಗಲಿಲ್ಲ ಕಣೇ" ಎನ್ನುತ್ತಾರೆ. ಚಹಾ ಕುಡಿಯಲು ಹೋದ ಮನುಷ್ಯ ಅವತ್ತು ಸಂಜೆಯವರೆಗೆ ತನ್ನ ಕೋಲಿಗಾಗಿ ಕಾಯಬೇಕಾಯಿತು.

ಹೀಗಿದ್ದ ಅತ್ತೆ ಕಳೆದ ಮಳೆಗಾಲದಲ್ಲಿ ಮೆಟ್ಟಿಲ ಮೇಲೆ ಜಾರಿ ಬಿದ್ದರು. ಬಲಗೈ ಮಣಿಕಟ್ಟು ಮುರಿದು ಒಳಗೆ ಪ್ಲೇಟು ಹಾಕಬೇಕಾಯಿತು. ಕಟ್ಟು ಬಿಚ್ಚಿದ ದಿನ ಡಾಕ್ಟರು, "ಮಣಿಕಟ್ಟನ್ನು ಮೆಲ್ಲಗೆ ತಿರುಗಿಸುತ್ತಾ ಇರಿ. ಬೀಸಿ ಎಸೆಯುವ ಕೆಲಸ ಮಾತ್ರ ಇನ್ನು ಈ ಕೈಗೆ ಬೇಡ" ಎಂದರು. ನನ್ನ ಗಂಡ ಅವತ್ತೇ ಕೋಲುಗಳನ್ನೆಲ್ಲ ಅಟ್ಟಕ್ಕೆ ಹಾಕಿದ. ಕಣ್ಣಿಗೆ ಬಿದ್ದರೆ ಅಮ್ಮನಿಗೆ ಬೇಜಾರಾಗುತ್ತದೆ ಎಂದು ಅವನ ಲೆಕ್ಕ. ಅತ್ತೆ ಜಗಳ ಮಾಡಲಿಲ್ಲ. ನಮಗೆ ಭಯವಾದದ್ದು ಅದಕ್ಕೇ. ಬೆಳಿಗ್ಗೆ ನಾನು ಅವರಿಗೆ ತಲೆ ಬಾಚುತ್ತಿದ್ದೆ. ಬಾಚಣಿಗೆ ಜೋರಾಗಿ ಎಳೆದರೂ ಬೈಯುತ್ತಿರಲಿಲ್ಲ. ಸಾರಿಗೆ ಉಪ್ಪು ಮರೆತರೂ ಸುಮ್ಮನೆ ಉಣ್ಣುತ್ತಿದ್ದರು. ಬಾಲ್ಕನಿಯಲ್ಲಿ ಕೂತು ರಸ್ತೆ ನೋಡುತ್ತಿದ್ದರು. ಮಾತಿಲ್ಲದ ನಮ್ಮತ್ತೆಯೂ ಹಾರ್ನಿಲ್ಲದ ಚೆನ್ನೈ ಆಟೋವೂ ಒಂದೇ. ಏನೋ ಕೆಟ್ಟಿದೆ ಎಂದೇ ಅರ್ಥ.

ಒಂದು ಶುಕ್ರವಾರ ರಜೆ ಹಾಕಿ, ಗಾಳಿ ಬದಲಾಗಲಿ ಎಂದು ಅವರನ್ನು ಪಲ್ಲಾವರಂ ಸಂತೆಗೆ ಎಳೆದುಕೊಂಡು ಹೋದೆ. ಅಲ್ಲಿ ಸಿಗದ ಹಳೆಯ ಸಾಮಾನಿಲ್ಲ. ಕೆಟ್ಟ ಗಡಿಯಾರ, ತಂತಿ ಕಿತ್ತ ಫೋನು, ಒಂಟಿ ಕಿವಿಯ ಕಡಾಯಿ. ಒಂದು ಟಾರ್ಪಾಲಿನ ಮುಂದೆ ಅತ್ತೆ ನಿಂತರು. ಬಗ್ಗಿ, ಇಸ್ತ್ರಿಪೆಟ್ಟಿಗೆಗಳ ನಡುವಿನಿಂದ ಏನನ್ನೋ ಎತ್ತಿದರು. ಡಮರುವಿನಂತೆ ಎರಡೂ ಕಡೆ ದುಂಡನೆಯ ಮುಚ್ಚಳ, ನಡುವೆ ದಾರ ಸುತ್ತುವ ಉರುಳೆ, ಒಂದು ಪಕ್ಕದಲ್ಲಿ ಹಿಡಿ.

"ಅಮ್ಮಾ, ಅದು ತೈಯಲ್ ಮೆಷಿನ್ ಪಾರ್ಟ್ಸ್ ಮಾ" ಎಂದ ವ್ಯಾಪಾರಿ. ಹೊಲಿಗೆಯಂತ್ರದ ಬಿಡಿಭಾಗ ಎಂದೇ ನಾನೂ ನಂಬಿದೆ.

ಅತ್ತೆ ಹಿಡಿ ತಿರುಗಿಸಿದರು. ಕಿರ್ರ್ ಎಂದಿತು. ಅವರ ಮುಖದಲ್ಲಿ ಏನೋ ಹೊತ್ತಿಕೊಂಡಿತು.

"ಗಾಳದ ಕೋಲಿಗೆ ಹಾಕೋ ಗುಂಡು ರೀಲು ಕಣೇ. ಹಿಡಿ ನೋಡು, ಬಲಗಡೆ ಇದೆ."

"ಇದ್ರೆ?"

"ಬಲಗೈಲಿ ಸುಮ್ನೆ ತಿರುಗಿಸೋದು. ಹಾಗಾದ್ರೆ ಕೋಲು ಹಿಡಿಯೋದು, ಎಸೆಯೋದು ಯಾವ ಕೈ?"

"ಎಡಗೈ."

"ನಾನು ಮುರ್ಕೊಂಡಿದ್ದು ಯಾವ ಕೈ?"

ನಾನು ಪರ್ಸು ತೆಗೆದೆ. ಅವರ ಮಾತು ನಿಲ್ಲಲಿಲ್ಲ. "ನನ್ನ ಹಳೇ ರೀಲಲ್ಲಿ ಎಸೆಯೋಕೆ ಮುಂಚೆ ಇನ್ನೊಂದು ಕೈಲಿ ದಾರ ತಡೆಯೋ ಕಂಬಿ ಎತ್ತಬೇಕು. ಇದಕ್ಕೆ ಒಂದು ಹೆಬ್ಬೆರಳು ಸಾಕು. ಡಾಕ್ಟ್ರು ಮಣಿಕಟ್ಟು ತಿರುಗಿಸ್ತಾ ಇರಿ ಅಂದಿದಾರೆ. ಅವರು ಬರೆದುಕೊಡೋದು ಮರೆತ ಔಷಧಿ ಇಲ್ಲಿ ಸಿಕ್ತು."

ಮನೆಗೆ ಬರುವಷ್ಟು ಹೊತ್ತೂ ಅತ್ತೆ ಮಾತಾಡುತ್ತಲೇ ಇದ್ದರು. ಗಂಡನಿಗೆ ಹೇಳಬಾರದು ಎಂದು ಭಾಷೆಯನ್ನೂ ತೆಗೆದುಕೊಂಡರು.

ಮರುದಿನ ಅವನು ಹೊರಗೆ ಹೋದ ಹೊತ್ತಿಗೆ ಊಟದ ಮೇಜಿನ ಮೇಲೆ ಪೇಪರು ಹಾಸಿ ಶಸ್ತ್ರಚಿಕಿತ್ಸೆ ಶುರುವಾಯಿತು. ಹಳೆಯ ಹಲ್ಲುಜ್ಜುವ ಬ್ರಷ್ಷು, ಹೊಲಿಗೆಯಂತ್ರದ ಎಣ್ಣೆ, ನನ್ನ ಹುಬ್ಬು ಕೀಳುವ ಚಿಮಟ. ಸಲಹೆ ಕೊಡಲು ಹಿನ್ನೀರಿನ ಗೆಳೆಯರೊಬ್ಬರು ಬಂದಿದ್ದರು, ವೃತ್ತಿಯಿಂದ ಹಲ್ಲಿನ ಡಾಕ್ಟರು, ಊರು ಮಂಡ್ಯ. "ಆಂಟಿ, ಇದು ಬಹಳ ಹಳೇದು. ಈಗ ಚಪ್ಪಟೆ ರೀಲು ಬಂದಿದೆ, ಹಗುರ, ಒಳಗೆ ಅಯಸ್ಕಾಂತದ ಬ್ರೇಕು. ಅದನ್ನೇ ತಗೊಳ್ಳಿ" ಎಂದರು.

"ಡಾಕ್ಟ್ರೇ, ಹಳೇದು ಅಂತ ಗಟ್ಟಿ ಇರೋ ಹಲ್ಲನ್ನೂ ಕೀಳ್ತೀರಾ?"

ಡಾಕ್ಟರು ಕಾಫಿ ಕುಡಿದು ಬ್ರಷ್ಷು ಕೈಗೆ ತೆಗೆದುಕೊಂಡರು.

ಗುಂಡು ರೀಲಿನ ಕಷ್ಟ ಏನೆಂದರೆ, ಎಸೆದಾಗ ಉರುಳೆ ಗಿರಗಿರ ತಿರುಗಿ ದಾರ ಬಿಡುತ್ತದೆ. ಆಮಿಷ ನೀರಿಗೆ ಬಿದ್ದು ನಿಂತರೂ ಉರುಳೆಗೆ ಅದು ಗೊತ್ತಾಗುವುದಿಲ್ಲ. ಅದು ತಿರುಗುತ್ತಲೇ ಇರುತ್ತದೆ. ದಾರವೆಲ್ಲ ಉಕ್ಕಿ ಗೋಜಲಾಗುತ್ತದೆ. ಅತ್ತೆ ಅದಕ್ಕೆ ಶಾವಿಗೆ ಎಂದು ಹೆಸರಿಟ್ಟರು. ಶಾವಿಗೆ ಆಗದಂತೆ ಹೆಬ್ಬೆರಳಿನಿಂದ ಉರುಳೆಯನ್ನು ಸವರಿ ತಡೆಯಬೇಕು. ಹೆಬ್ಬೆರಳಿಗೆ ನೆರವಾಗಲು ಮುಚ್ಚಳದೊಳಗೆ ಪುಟ್ಟ ಬ್ರೇಕಿನ ಗುಂಡಿಗಳಿರುತ್ತವೆ, ಸಾಸಿವೆಗಿಂತ ಸ್ವಲ್ಪ ದೊಡ್ಡವು. ಎಲ್ಲವನ್ನೂ ಹಾಕುವುದೋ, ಕೆಲವನ್ನು ತೆಗೆಯುವುದೋ? ಡಾಕ್ಟರು ಅರ್ಧ ಸಾಕು ಎಂದರು. ಅತ್ತೆ, "ಎಡಗೈ ಇನ್ನೂ ಒಂದನೇ ಕ್ಲಾಸು. ಎಲ್ಲಾ ಹಾಕಿ. ಅದಕ್ಕೆ ಬುದ್ಧಿ ಬಂದ ಹಾಗೆ ಒಂದೊಂದೇ ತೆಗೆಯೋಣ" ಎಂದರು. ದಾರದಲ್ಲೂ ಹಾಗೆಯೇ. ಒಳಗಡೆ ಜಾರದಂತೆ ಸ್ವಲ್ಪ ತಂಗೂಸಿ, ಅಂದರೆ ನೈಲಾನ್ ದಾರ, ಅದರ ಮೇಲೆ ಗಟ್ಟಿಯಾಗಿ ಹೆಣೆದ ದಾರ. ಕೊನೆಗೆ ಆಮಿಷ ಕಟ್ಟಿ, ಅಟ್ಟದಿಂದ ನಾನು ಇಳಿಸಿಕೊಟ್ಟ ಕೋಲನ್ನು ಎತ್ತಿ ಹಿಡಿದು, ಪಕ್ಕದ ತಿರುಪನ್ನು ಕೂದಲೆಳೆಯಷ್ಟು ಬಿಗಿದು, ಸಡಿಲಿಸಿ, ಮತ್ತೆ ಬಿಗಿದರು. ಹೆಬ್ಬೆರಳು ಎತ್ತಿದರೆ ಪ್ಲಾಸ್ಟಿಕ್ ಮೀನು ದಬಕ್ಕನೆ ಬೀಳಬಾರದು. ಮೆಲ್ಲಗೆ ಇಳಿದು ನೆಲ ಮುಟ್ಟಬೇಕು, ಮುಟ್ಟಿದೊಡನೆ ಉರುಳೆಯೂ ನಿಲ್ಲಬೇಕು. ಅದು ಹಾಗೆಯೇ ಇಳಿದು ನಿಂತಾಗ ಡಾಕ್ಟರು ಚಪ್ಪಾಳೆ ತಟ್ಟಿದರು.

ಒಂದೇ ಒಂದು ಲೋಪವಾಗಿತ್ತು. ಡಾಕ್ಟರು ತಂದಿದ್ದ ಹೆಚ್ಚುವರಿ ಬ್ರೇಕಿನ ಗುಂಡಿಗಳಲ್ಲಿ ಒಂದು ಕಾಣೆಯಾಗಿತ್ತು. ಮೇಜಿನ ಆ ತುದಿಯಲ್ಲಿ ನಾನು ತೊಗರಿಬೇಳೆ ಆರಿಸುತ್ತಿದ್ದೆ ಎಂಬುದು ಯಾರಿಗೂ ನೆನಪಾಗಲಿಲ್ಲ.

ರಾತ್ರಿ ಊಟಕ್ಕೆ ಕೂತ ನನ್ನ ಗಂಡ, "ಅಮ್ಮಾ, ಹುಳೀಲಿ ಏನೋ ಗಟ್ಟಿ ಸಿಕ್ತು" ಎಂದ.

"ಅಗೀಬೇಡ ಕಣೋ, ಅದು ಬ್ರೇಕು" ಎಂದರು ಅತ್ತೆ.

ಗುಟ್ಟು ರಟ್ಟಾಯಿತು. ಅವನು ತಟ್ಟೆ ಬಿಟ್ಟು ಎದ್ದ. "ಇನ್ನೊಂದ್ಸಲ ಮುರಿದ್ರೆ ಏನಮ್ಮಾ ಮಾಡೋದು? ಆಸ್ಪತ್ರೇಲಿ ನಿನ್ನ ಹಾಗೆ ನೋಡೋಕೆ ನನ್ ಕೈಲಿ ಆಗಲ್ಲ."

"ಮುರಿದಿರೋ ಕೈಲಿ ಎಸೀತಿಲ್ವಲ್ಲೋ."

"ಎಡಗೈಲಿ ನೀನು ಒಂದು ಸಹಿ ಕೂಡ ಹಾಕ್ದೋಳಲ್ಲ."

"ಸಹಿ ಹಾಕೋ ವಯಸ್ಸು ಮುಗೀತು. ಎಸೆಯೋ ವಯಸ್ಸು ಇನ್ನೂ ಇದೆ" ಎಂದು ಅತ್ತೆ ಅವನ ತಟ್ಟೆಗೆ ಇನ್ನೊಂದು ಸೌಟು ಹುಳಿ ಬಡಿಸಿದರು. ಅವನು ಮತ್ತೆ ಕೂತು ಉಂಡ, ಪ್ರತಿ ತುತ್ತನ್ನೂ ಪರೀಕ್ಷಿಸಿ.

ಅಭ್ಯಾಸ ನಡೆದದ್ದು ನಮ್ಮ ಅಪಾರ್ಟ್‌ಮೆಂಟಿನ ತಾರಸಿಯಲ್ಲಿ. ಗಾಳ ಬಿಚ್ಚಿಟ್ಟು ರಬ್ಬರಿನ ತುಂಡೊಂದನ್ನು ದಾರಕ್ಕೆ ಕಟ್ಟಿ, ಆ ತುದಿಯಲ್ಲಿಟ್ಟ ಬಕೆಟ್ಟಿಗೆ ಎಸೆಯುವುದು. ಮೊದಲ ವಾರ ಬಕೆಟ್ಟೊಂದನ್ನು ಬಿಟ್ಟು ಎಲ್ಲದಕ್ಕೂ ಬಿತ್ತು. ಎರಡನೇ ಮಹಡಿಯ ಮಾಮಿ ಒಣಹಾಕಿದ್ದ ವಡಾಂ ಸಂಡಿಗೆಯ ಮೇಲೆ ಬಿತ್ತು. ನೀರಿನ ಟ್ಯಾಂಕಿಗೆ ಬಡಿದು ಕಾಗೆಗಳನ್ನು ಎಬ್ಬಿಸಿತು. ದಿನಾ ಶಾವಿಗೆ. ಅತ್ತೆ ತಾರಸಿಯ ನೆರಳಿನಲ್ಲಿ ಕೂತು ಗೋಜಲು ಬಿಡಿಸುತ್ತಿದ್ದರು, ಬಲಗೈ ಬೆರಳುಗಳಿಂದ. ಬಿಗಿದುಕೊಂಡಿದ್ದ ಆ ಬೆರಳುಗಳು ಹಾಗೆ ಬಿಡಿಸುತ್ತ ಬಿಡಿಸುತ್ತ ಸಡಿಲವಾದದ್ದನ್ನು ನೋಡಿ ಆಸ್ಪತ್ರೆಯಲ್ಲಿ ಕೈಗೆ ವ್ಯಾಯಾಮ ಕಲಿಸುವವರೇ ಬೆರಗಾದರು.

ಅಷ್ಟರಲ್ಲಿ ಲಿಫ್ಟಿನ ಪಕ್ಕ ಸಂಘದ ಕಾರ್ಯದರ್ಶಿಯವರ ನೋಟೀಸು ಬಂತು: ತಾರಸಿಯಲ್ಲಿ ಮೀನು ಹಿಡಿಯುವುದನ್ನು ನಿಷೇಧಿಸಲಾಗಿದೆ. ಅತ್ತೆ ನೇರ ಅವರ ಮನೆಗೆ ಹೋಗಿ, ಇಷ್ಟು ವರ್ಷದ ಚೆನ್ನೈ ತಮಿಳಿನಲ್ಲಿ ಬಹಳ ವಿನಯದಿಂದ ಕೇಳಿದರು: "ಸಾರ್, ತಾರಸಿಯಲ್ಲಿ ಯಾವ ಮೀನಿದೆ ಅಂತ ನೋಟೀಸಿನಲ್ಲಿ ಬರೆದಿಲ್ಲ. ಇದ್ದರೆ ಹೇಳಿ, ನಾನು ಮುಟ್ಟುಕಾಡಿನ ತನಕ ಯಾಕೆ ಹೋಗಲಿ?" ಸಂಜೆಯ ಹೊತ್ತಿಗೆ ನೋಟೀಸು ಇರಲಿಲ್ಲ. ಮರುದಿನ ಕಾರ್ಯದರ್ಶಿಯವರೇ ಬಕೆಟ್ಟಿನ ಪಕ್ಕ ನಿಂತು, "ಇನ್ನುಂ ಕೊಂಜಂ ಲೆಫ್ಟ್, ಮೇಡಂ" ಎಂದು ಇನ್ನೂ ಸ್ವಲ್ಪ ಎಡಕ್ಕೆ ಎಸೆಯಲು ಹೇಳಿಕೊಡುತ್ತಿದ್ದರು.

ತಿಂಗಳುಗಳು ಕಳೆದವು. ಬ್ರೇಕಿನ ಗುಂಡಿಗಳು ಒಂದೊಂದಾಗಿ ಹೊರಬಂದವು. ರಬ್ಬರು ತುಂಡು ಬಕೆಟ್ಟಿಗೆ ಠಣ್ಣನೆ ಬೀಳುವ ಸದ್ದು ಕೆಳಗಿನ ಮಹಡಿಗೂ ಕೇಳತೊಡಗಿತು. ಆಗ ಒಂದು ಭಾನುವಾರ ಅತ್ತೆ ಹಿನ್ನೀರಿಗೆ ಹೊರಟರು. ನನ್ನ ಗಂಡ, "ನಾನು ಬರೀ ಕಾರು ಓಡಿಸ್ತೀನಿ, ನೋಡಲ್ಲ" ಎಂದು ಜೊತೆಗೆ ಬಂದ.

ಅತ್ತೆ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ ಮೊಣಕಾಲುದ್ದ ನೀರಿನಲ್ಲಿ ನಿಂತರು. ಮೊದಲ ಎಸೆತಕ್ಕೇ ಶಾವಿಗೆ. ಪಕ್ಕದಲ್ಲಿ ಗಾಳ ಹಾಕಿದ್ದ ಹುಡುಗರಲ್ಲಿ ಯಾರೋ ನಕ್ಕರು. ಅತ್ತೆ ತಿರುಗಿ ನೋಡದೆ ಗೋಜಲು ಬಿಡಿಸಿದರು, ತಿರುಪನ್ನು ಸ್ವಲ್ಪ ಬಿಗಿದರು, ಮತ್ತೆ ಎಸೆದರು. ಆಮಿಷ ದೂರದ ಬಂಡೆಯ ಅಂಚಿಗೆ ಹೋಗಿ, ಎಲೆ ಉದುರಿದಂತೆ ಸದ್ದಿಲ್ಲದೆ ನೀರಿಗಿಳಿಯಿತು. ಅತ್ತೆ ನಿಧಾನವಾಗಿ ಹಿಡಿ ತಿರುಗಿಸುತ್ತಿದ್ದಂತೆ ಕೋಲು ಬಿಲ್ಲಾಯಿತು. ನೀರು ಒಡೆದು ಕೊಡುವಾ ಮೇಲೆ ಹಾರಿತು, ತಲೆ ಕೊಡವಿತು, ಮತ್ತೆ ಬಿತ್ತು. ರೀಲು ಚೀರಿತು. ನೋಡುವುದಿಲ್ಲ ಎಂದಿದ್ದವನು ಕಾರಿನ ಬಾಗಿಲನ್ನೂ ಹಾಕದೆ ಚಪ್ಪಲಿ ಸಮೇತ ನೀರಿಗಿಳಿದಿದ್ದ. "ಬಿಡು ಅಮ್ಮಾ, ಎಳೀಬೇಡ, ಅದು ಓಡ್ಲಿ, ಓಡ್ಲಿ" ಎಂದು ಅವನೇ ಹೇಳಿಕೊಡುತ್ತಿದ್ದ. ಇದನ್ನೆಲ್ಲ ಅವನು ಯಾವಾಗ ಕಲಿತನೋ.

ಎಡಗೈಯಲ್ಲಿದ್ದ ಕೋಲು ಇಳಿಯಲಿಲ್ಲ. ಬಲಗೈ ತಿರುಗಿಸುತ್ತಲೇ ಇತ್ತು. ಕೊನೆಗೆ ಮೀನು ಕಾಲ ಬಳಿ ಬಂದಾಗ ನಕ್ಕ ಹುಡುಗರೇ ಬಲೆ ಹಿಡಿದು ಓಡಿಬಂದರು. ನನ್ನ ತೋಳಿಗಿಂತ ಉದ್ದದ ಮೀನು. ಯಾರೋ, "ಪಾಟಿ, ಸೂಪರ್" ಎಂದರು. ಯಾರ ಅಜ್ಜಿ ಎಂದುಕೊಂಡಿದ್ದೀರಿ, ನಮ್ಮತ್ತೆ ಅವರು ಎಂದು ಊರಿಗೆಲ್ಲ ಕೂಗಿ ಹೇಳಬೇಕೆನಿಸಿತು ನನಗೆ.

ಅತ್ತೆ ಕೋಲನ್ನು ಮಗನ ಕೈಗೆ ಕೊಟ್ಟು ಬಗ್ಗಿದರು. ಪ್ಲೇಟು ಹಾಕಿದ ಬಲಗೈಯನ್ನು ಮೀನಿನ ಹೊಟ್ಟೆಯ ಕೆಳಗಿಟ್ಟು ಅದನ್ನು ನೀರಿನಲ್ಲಿ ಹಿಂದೆ ಮುಂದೆ ಆಡಿಸಿದರು. ಅದಕ್ಕೆ ಉಸಿರು ಬಂತು. ಬಾಲ ಒಮ್ಮೆ ಬಡಿಯಿತು. ಹೋಯಿತು.

ನನ್ನ ಕಣ್ಣಿನಿಂದ ಯಾಕೋ ನೀರು ಇಳಿಯಿತು. ಅತ್ತೆ ನಕ್ಕು, "ಅಯ್ಯೋ, ಮೀನು ಹೋಯ್ತು ಅಂತ ಅಳ್ತಾಳೆ ನೋಡೋ" ಎಂದು ಆ ಒದ್ದೆ ಕೈಯಿಂದಲೇ ನನ್ನ ಕೆನ್ನೆ ಒರೆಸಿದರು.

ಆ ಅಂಗೈ ಮೀನು ಮೀನು ವಾಸನೆ ಬರುತ್ತಿತ್ತು. ಬಿಸಿಲಿನಿಂದ ಬೆಚ್ಚಗಿತ್ತು. ಶಾಲೆಯಿಂದ ಬಂದ ನನ್ನ ಮುಖವನ್ನು, ಅಡುಗೆಮನೆಯಿಂದ ಹಾಗೇ ಎದ್ದು ಬಂದು ಸವರುತ್ತಿದ್ದ ನನ್ನ ಅಮ್ಮನ ಕೈಗೆ ಇದೇ ವಾಸನೆ ಇತ್ತು. ಅಮ್ಮ ಹೋದ ಮೇಲೆ ಅದು ನನಗೆ ಎಲ್ಲಿಯೂ ಸಿಕ್ಕಿರಲಿಲ್ಲ. ನಾನು ಆ ಕೈಯನ್ನು ಎರಡೂ ಕೈಯಿಂದ ಹಿಡಿದುಕೊಂಡೆ.

"ನೋವಿಲ್ಲ ಕಣೇ, ಬಿಡು" ಎಂದರು ಅತ್ತೆ.

ನಾನು ಬಿಡಲಿಲ್ಲ.